ಉಳಿದ ಅರ್ಧ ನಾಲಿಗೆ

ಹುಣ್ಣು ಮೊದಲು ಸಾಸಿವೆ ಕಾಳಿನಷ್ಟಿತ್ತು. ನಾಲಿಗೆಯ ಎಡ ಮಗ್ಗುಲಲ್ಲಿ, ಮುರಿದ ದವಡೆ ಹಲ್ಲಿನ ಚೂಪು ತಾಗುವ ಕಡೆ. ಹುರಿದ ಶೇಂಗಾದಲ್ಲಿ ಸಿಕ್ಕ ಹರಳು ಕಡಿದು ಆ ಹಲ್ಲು ಮುರಿದಿತ್ತು. ಅದನ್ನು ತೆಗೆಸಬೇಕು, ತೆಗೆಸಬೇಕು ಅನ್ನುತ್ತಲೇ ಒಂದು ವರ್ಷ ಕಳೆದಿದ್ದೆ. ನಾನು ಮನಗೂಳಿಯ ಸರಕಾರಿ ಶಾಲೆಯಲ್ಲಿ ಒಂದನೇ ತರಗತಿಯ ಶಿಕ್ಷಕಿ, ಮಂದಿಯ ಬಾಯಲ್ಲಿ ಅಕ್ಕೋರು. ಮನೆ ಬಸವನ ಬಾಗೇವಾಡಿಯಲ್ಲಿ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಿದ್ದೆ. ಒಂದನೇ ತರಗತಿಗೆ ಕಲಿಸುವವರ ಬಾಯಿಗೆ ಬಿಡುವೆಂಬುದಿಲ್ಲ. ಮಕ್ಕಳ ಮುಂದೆ ಬಾಯಿ ಅಗಲಿಸಿ ನಿಂತು, ನಾಲಿಗೆ ಎಲ್ಲಿ ಮುಟ್ಟುತ್ತದೆ ನೋಡ್ರಿ ಅಂತ ತೋರಿಸಿ, ಲ ಬೇರೆ ಳ ಬೇರೆ ಅಂತ ದಿನಕ್ಕೆ ನೂರು ಸಲ ಹೇಳಬೇಕು. ಹೇಳಿದಷ್ಟೂ ಸಲ ಹಲ್ಲು ಅದೇ ಜಾಗಕ್ಕೆ ತಾಗುತ್ತಿತ್ತು.

"ಉಷ್ಣ ಆಗೇತಿ. ತುಪ್ಪ ಹಚ್ಚು, ಖಾರ ಬಿಡು," ಅಂದರು ನನ್ನ ಅತ್ತೆ. ಅವರಿಗೆ ಎಂಬತ್ತರ ಹತ್ತಿರ ವಯಸ್ಸು. ನಾನು ಮದುವೆಯಾಗಿ ಬಂದಾಗಿನಿಂದ ಅವರ ಬಾಯಲ್ಲಿ ಎಲೆ, ಅಡಿಕೆ, ತಂಬಾಕು ಇಲ್ಲದ ಹೊತ್ತನ್ನು ನೋಡಿಲ್ಲ. ತುಪ್ಪ ಹಚ್ಚಿದೆ. ಖಾರ ಬಿಟ್ಟೆ. ಮಕ್ಕಳ ಪರೀಕ್ಷೆ ಮುಗಿಯಲಿ ಅಂದುಕೊಂಡೆ. ಅಷ್ಟರಲ್ಲಿ ಹುಣ್ಣು ತೊಗರಿ ಕಾಳಿನಷ್ಟಾಗಿ, ಅಂಚು ಗಟ್ಟಿಯಾಗಿ, ನೋವು ಕಿವಿಗೆ ಏರತೊಡಗಿತು. ಬಾಗೇವಾಡಿಯ ಹಲ್ಲಿನ ಡಾಕ್ಟರು ಹಲ್ಲಿನ ಚೂಪನ್ನು ಉಜ್ಜಿ, ಹಚ್ಚಿಕೊಳ್ಳಲು ಮುಲಾಮು ಕೊಟ್ಟರು. ಎರಡು ವಾರ ಬಿಟ್ಟು ಮತ್ತೆ ಹೋದಾಗ ಕೈಗವಸು ಹಾಕಿದ ಬೆರಳಿನಿಂದ ಒತ್ತಿ ನೋಡಿದರು. ಆಮೇಲೆ ನನ್ನ ಮುಖ ನೋಡದೆ, ಚೀಟಿ ಬರೆಯುತ್ತಾ, "ವಿಜಾಪುರಕ್ಕ ಹೋಗಿಬಿಡ್ರಿ ಅಕ್ಕೋರ. ಈ ವಾರದಾಗ ಹೋಗ್ರಿ. ಮುಂದಿನ ವಾರ ಅನಬ್ಯಾಡ್ರಿ," ಅಂದರು.

ವಿಜಾಪುರದ ದವಾಖಾನೆಯಲ್ಲಿ ಹುಣ್ಣಿನ ಒಂದು ತುಣುಕು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಅದಕ್ಕೂ ಮೊದಲು ಒಂದು ಪ್ರಶ್ನೆ ಕೇಳಿದರು. ಅದನ್ನು ಆ ದಿನ ಮೂವರು ಬೇರೆ ಬೇರೆಯವರು ಕೇಳಿದರು.

"ಗುಟ್ಕಾ, ತಂಬಾಕ, ಎಲಿ-ಅಡಿಕಿ?"

"ಇಲ್ರಿ."

"ಯಾವಾಗರ? ಸಣ್ಣಾಕಿದ್ದಾಗ?"

"ಯಾವಾಗೂ ಇಲ್ರಿ."

ಮೂರನೆಯವಳು ನರ್ಸು. ಬಾಗಿಲು ಅರ್ಧ ಮುಚ್ಚಿ, ದನಿ ಇಳಿಸಿ, "ಖರೇ ಹೇಳ್ರಿ ಅಕ್ಕೋರ, ನಾ ಯಾರಿಗೂ ಹೇಳೂದಿಲ್ಲ," ಅಂದಳು. ಇಪ್ಪತ್ತೆರಡು ವರ್ಷ ಮಕ್ಕಳಿಗೆ ಖರೇ ಹೇಳಬೇಕು ಅಂತ ಕಲಿಸಿದವಳು ನಾನು. ಅವಳ ಮುಂದೆ ಕಳ್ಳಿಯ ಹಾಗೆ ತಲೆ ತಗ್ಗಿಸಿ ಕೂತೆ.

ಫಲಿತಾಂಶ ಬಂದ ದಿನ ಮನೆಗೆ ಬಂದು ಅತ್ತೆಗೆ ಹೇಳಿದವರು ನನ್ನ ಗಂಡ. ಅವರು ವಿದ್ಯುತ್ ಇಲಾಖೆಯ ಲೈನ್‌ಮನ್. ಕಂಬದ ಮೇಲೆ ನಿಂತು ಅರ್ಧ ತಾಸು ಒಂದು ಮಾತಿಲ್ಲದೆ ಕೆಲಸ ಮಾಡುವವರು, ನೆಲದ ಮೇಲೂ ಹೆಚ್ಚು ಮಾತಿನವರಲ್ಲ. "ಅವ್ವಾ, ಇಕಿಗೆ ನಾಲಿಗಿ ಕ್ಯಾನ್ಸರ್ ಅಂತ," ಅಂದರು ಅಷ್ಟೆ. ಅತ್ತೆ ಬಾಯಲ್ಲಿದ್ದ ಎಲೆಯನ್ನು ಉಗುಳಿ ಬಂದು, ಹಿತ್ತಾಳೆಯ ಎಲೆ ಡಬ್ಬಿ ತೆಗೆದುಕೊಂಡು ಹಿತ್ತಲಿಗೆ ಹೋಗಿ, ತಿಪ್ಪೆಗೆ ಸುರುವಿದರು. ಆಮೇಲೆ ನನ್ನ ಹತ್ತಿರ ಕೂತು, "ನನಗ ಬರೂದು ಹಾದಿ ತಪ್ಪಿ ನಿನಗ ಬಂತಲ್ಲ," ಅಂತ ಅತ್ತರು. ಆ ಮಾತು ನಿಜವೆಂದು ನನಗೂ ಅನ್ನಿಸಿತು. ಅನ್ನಿಸಿದ್ದಷ್ಟೇ ಅಲ್ಲ, ಸಿಟ್ಟು ಬಂತು. ವಾರದೊಳಗೆ ಅವರು ತಡೆಯಲಾಗದೆ ನೆರೆಮನೆಯಲ್ಲಿ ಕೂತು ಮತ್ತೆ ತಂಬಾಕು ತಿನ್ನತೊಡಗಿದರು. ಸೆರಗಿನಿಂದ ಬಾಯಿ ಒರೆಸಿಕೊಂಡು ಒಳಗೆ ಬರುವಾಗ ಆ ವಾಸನೆಗೆ ನನ್ನ ಮೈ ಉರಿಯುತ್ತಿತ್ತು. ನನ್ನನ್ನು ಮಗಳಂತೆ ನೋಡಿಕೊಂಡ ಮುದುಕಿ ಅವರು. ಆದರೂ ಈಕೆಯ ನಾಲಿಗೆ ಯಾಕೆ ಚೆನ್ನಾಗಿರಬೇಕು ಅಂತ ನಾನು ಯೋಚಿಸಿದ್ದುಂಟು. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ.

ಆಪರೇಷನ್ ಆದದ್ದು ಬೇಸಿಗೆಯಲ್ಲಿ. ನಾಲಿಗೆಯ ಎಡ ಅರ್ಧ ತೆಗೆದು, ಕುತ್ತಿಗೆಯ ಗಂಟುಗಳನ್ನೂ ತೆಗೆದು, ಎಡ ಮುಂಗೈಯ ಚರ್ಮ ಬಿಡಿಸಿ ನಾಲಿಗೆಯ ಜಾಗಕ್ಕೆ ಹೊಲಿಯುತ್ತೇವೆ ಅಂತ ಡಾಕ್ಟರು ಹಾಳೆಯ ಮೇಲೆ ಚಿತ್ರ ಬಿಡಿಸಿ ತೋರಿಸಿದ್ದರು. "ಮಾತ ಬರ್ತಾವ್ರಿ?" ಅಂತ ಗಂಡ ಕೇಳಿದ್ದರು. "ಬರ್ತಾವು. ಮೊದಲಿನಂಗ ಅಲ್ಲ," ಅಂದಿದ್ದರು ಡಾಕ್ಟರು. ನಾವಿಬ್ಬರೂ ಮೊದಲ ಶಬ್ದವನ್ನಷ್ಟೇ ಹಿಡಿದುಕೊಂಡು ಬಂದಿದ್ದೆವು.

ಬೆಳಿಗ್ಗೆ ಏಳಕ್ಕೆ ಹಸಿರು ಅಂಗಿ ತೊಡಿಸಿ, ಗಾಲಿ ಮಂಚದ ಮೇಲೆ ಮಲಗಿಸಿದರು. ಬಾಗಿಲ ತನಕ ಗಂಡ, ಮಗಳು ಬಂದರು. ಮಗಳಿಗೆ ಆಗ ಹದಿನೇಳು, ಪಿಯುಸಿ ಮೊದಲ ವರ್ಷ ಮುಗಿಸಿದ್ದಳು. ಗಂಡ ಬಗ್ಗಿ, "ಏನರ ಹೇಳೂದೈತೇನು?" ಅಂದರು.

ಎಷ್ಟೋ ಇತ್ತು. ವಾರವಿಡೀ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದೆ. ಆದರೆ ಬಾಯಿಗೆ ಬಂದದ್ದು, "ಮಾಳಿಗಿ ಮ್ಯಾಲೆ ಹಾಕಿದ ಶಾವಿಗಿ ತಗದಾರೋ ಇಲ್ಲೋ, ಫೋನ್ ಮಾಡಿ ಕೇಳ್ರಿ."

"ಕೇಳ್ತೇನಿ," ಅಂದರು.

ಪೂರ್ತಿ ನಾಲಿಗೆಯಿಂದ ನಾನಾಡಿದ ಕಡೆಯ ಮಾತು ಅದು. ಬಾಗಿಲು ಮುಚ್ಚಿಕೊಂಡಿತು.

ಎಚ್ಚರವಾದಾಗ ಗಂಟಲಲ್ಲೊಂದು ನಳಿಗೆ, ಮೂಗಿನಲ್ಲೊಂದು ನಳಿಗೆ. ಬಾಯೊಳಗೆ ಯಾರದೋ ಮಾಂಸದ ತುಂಡನ್ನು ತುರುಕಿ ಮರೆತು ಹೋದಂತೆ ಅನ್ನಿಸುತ್ತಿತ್ತು. ಉಗುಳಬೇಕು ಅನ್ನಿಸಿತು. ಆದರೆ ಉಗುಳಲಿಕ್ಕೂ ನಾಲಿಗೆ ಬೇಕು ಅಂತ ಆಗ ತಿಳಿಯಿತು. ಜೊಲ್ಲು ಒಂದೇ ಸಮ ಕೆನ್ನೆ ಮೇಲೆ ಇಳಿಯುತ್ತಿತ್ತು. ಮಗಳು ಅರಿವೆಯಿಂದ ಒರೆಸುತ್ತಿದ್ದಳು. ಹಾಲು, ಗಂಜಿ, ಬೇಳೆಕಟ್ಟು ಎಲ್ಲವನ್ನೂ ಮೂಗಿನ ನಳಿಗೆಯಲ್ಲಿ ಬಿಡುತ್ತಿದ್ದರು. ಹೊಟ್ಟೆ ತುಂಬಿತೆಂದು ತಿಳಿಯುತ್ತಿತ್ತು, ಉಂಡೆನೆಂದು ತಿಳಿಯುತ್ತಿರಲಿಲ್ಲ.

ಮಗಳು ಪೇಟೆಗೆ ಹೋಗಿ ಒಂದು ಪಾಟಿ, ಬಳಪ ತಂದುಕೊಟ್ಟಳು. "ನಿನಗ ಇದ ರೂಢಿ ಐತೆಲ್ಲವ್ವ," ಅಂದು ನಗಲು ನೋಡಿದಳು. ನೀರು, ನೋವು, ಪಾಯಖಾನೆ, ಫ್ಯಾನು ಸಣ್ಣ ಮಾಡು ಅಂತ ಬರೆಯುತ್ತಿದ್ದೆ. ದುಂಡಗಿನ, ಮಾಸ್ತರಿಕೆಯ ಅಕ್ಷರ ಹಾಗೇ ಇದ್ದವು. ನರ್ಸುಗಳು ಅವನ್ನು ನೋಡಿ ಹೊಗಳುತ್ತಿದ್ದರು.

ಗಂಟಲ ನಳಿಗೆ ತೆಗೆದ ದಿನ ಮಗಳು ಹತ್ತಿರ ಕೂತು, "ಏನರ ಅನ್ನವ್ವ," ಅಂದಳು. ಅವಳ ಹೆಸರು ಕರೆಯೋಣ ಅಂದುಕೊಂಡೆ. ಆ ಹೆಸರಿನ ನಡುವೆ ಒಂದು 'ರ' ಇದೆ, ಕೊನೆಗೆ ಒಂದು 'ತ' ಇದೆ. ನಾನೇ ಹಟ ಹಿಡಿದು ಇಟ್ಟ ಹೆಸರು. ಬಾಯಿ ತೆರೆದಾಗ ಬಂದದ್ದು ಕರುಳಿನಿಂದೆದ್ದ ಒಂದು ಮುಲುಕು. ಪಕ್ಕದ ಮಂಚದವರು ತಿರುಗಿ ನೋಡಿದರು. ಮಗಳು ನನ್ನ ಗಲ್ಲ ಹಿಡಿದುಕೊಂಡು, "ಗೊತ್ತಾತು. ನನ್ನ ಕರದಿ ನೀ," ಅಂದಳು.

ಅವತ್ತಿನಿಂದ ಅವಳೇ ನನ್ನ ಮಾತು. ನಾನು ಏನೋ ಗೊಣಗಿದರೆ ಅವಳು ಅದನ್ನು ಕನ್ನಡ ಮಾಡಿ ಎದುರಿನವರಿಗೆ ಹೇಳುತ್ತಿದ್ದಳು. "ಅವ್ವ ಚಾದರ ಬ್ಯಾಡ ಅನ್ನಾಕತ್ತಾಳ್ರಿ." "ಅವ್ವಗ ಎಡಗಿವಿ ಬ್ಯಾನಿ ಐತಂತ್ರಿ." ಒಮ್ಮೆಯೂ ತಪ್ಪುತ್ತಿರಲಿಲ್ಲ. ಗಂಡನಿಗೂ ಅಷ್ಟಿಷ್ಟು ತಿಳಿಯುತ್ತಿತ್ತು, ಆದರೆ ಅವರು ತಮ್ಮ ಮೇಲೆ ಭರವಸೆಯಿಲ್ಲದೆ ಮಗಳ ಕಡೆ ನೋಡುತ್ತಿದ್ದರು.

ಗಾಯ ಆರಿದ ಮೇಲೆ ಕರೆಂಟು. ನಮ್ಮ ಕಡೆ ರೇಡಿಯೇಷನ್‌ಗೆ ಎಲ್ಲರೂ ಅನ್ನುವುದು ಹಾಗೇ. ವಾರಕ್ಕೆ ಐದು ದಿನ, ಆರು ವಾರ, ಒಟ್ಟು ಮೂವತ್ತು ಸಲ. ಗಂಡ ಮೊದಲ ದಿನ ಯಂತ್ರದ ಕೋಣೆಯ ದಪ್ಪ ಬಾಗಿಲನ್ನು ನೋಡಿ, "ಇದು ನಮ್ಮ ಕರೆಂಟ್ ಅಲ್ಲ," ಅಂತ ತಮ್ಮಷ್ಟಕ್ಕೆ ಅಂದುಕೊಂಡರು. ಬಿಸಿನೀರಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಜಾಳಿಗೆಯನ್ನು ಮುಖದ ಮೇಲೆ ಒತ್ತಿ ನನ್ನದೊಂದು ಮುಖವಾಡ ಮಾಡಿದರು. ದಿನಾ ಮಲಗಿದ ಮೇಲೆ ಅದನ್ನು ಮುಖಕ್ಕೆ ಹಾಕಿ ಮೇಜಿಗೆ ಬಿಗಿಯುತ್ತಿದ್ದರು, ತಲೆ ಒಂದು ಕೂದಲೆಳೆಯಷ್ಟೂ ಅಲುಗಬಾರದು ಅಂತ. ಹೊರಗೆ ಗೋಡೆಯ ಹಲಗೆಗಳ ಮೇಲೆ ಎಲ್ಲರ ಮುಖವಾಡಗಳು ಸಾಲಾಗಿ ಇರುತ್ತಿದ್ದವು, ಪ್ರತಿಯೊಂದರ ಹಣೆಗೂ ಹೆಸರಿನ ಪಟ್ಟಿ.

ಅಲ್ಲಿ ಬೆಂಚಿನ ಮೇಲೆ ಕಾಯುವವರಿಗೆ ಹೆಸರಿಗಿಂತ ಊರೇ ಗುರುತು. ಸಿಂದಗಿಯ ಟೆಂಪೋ ಡ್ರೈವರ್, ಮುದ್ದೇಬಿಹಾಳದ ಕಿರಾಣಿಯವರು. ನನ್ನ ತವರು ಮುದ್ದೇಬಿಹಾಳ. ಆದರೆ ಆ ಕಿರಾಣಿಯವರಿಗೆ ನಾನು ಇಂಥವರ ಮಗಳು ಅಂತ ಹೇಳುವ ಧೈರ್ಯವಾಗಲಿಲ್ಲ. ನನ್ನ ಪಕ್ಕ ದಿನಾ ಕೂರುತ್ತಿದ್ದವಳು ಇಂಡಿ ಹತ್ತಿರದ ಹಳ್ಳಿಯ ಒಬ್ಬ ಹೆಂಗಸು. ಐವತ್ತೈದು ದಾಟಿರಬೇಕು. ಮನೆಗೆ ನಿಂಬೆಯ ತೋಟವಿತ್ತು. ಬರುವಾಗ ಸೆರಗಿನ ಗಂಟಲ್ಲಿ ನಿಂಬೆಹಣ್ಣು ಕಟ್ಟಿಕೊಂಡು ಬಂದು, ಯಂತ್ರ ನಡೆಸುವ ಹುಡುಗಿಯರಿಗೆ, ಬಾಗಿಲು ಕಾಯುವವನಿಗೆ ಎರಡೆರಡು ಕೊಡುತ್ತಿದ್ದಳು. ನಾನು ಮನಸ್ಸಿನಲ್ಲಿ ಅವಳನ್ನು ನಿಂಬೆಹಣ್ಣಿನ ಅಕ್ಕ ಅಂತಲೇ ಕರೆಯುತ್ತಿದ್ದೆ.

ಅವಳಿಗೆ ಕೆನ್ನೆಯ ಒಳಗೆ ಆಗಿತ್ತು. ಮೊದಲ ದಿನವೇ ನನ್ನ ಕಡೆ ಹೊರಳಿ ಕೇಳಿದಳು. "ನಾ ಅಂತೂ ಸಣ್ಣಾಕಿದ್ದಾಗಿಂದ ಮಿಸ್ರಿ ತಿಕ್ಕೀನಿ. ಹೊಗಿಸೊಪ್ಪ ಹುರದ ಪುಡಿ, ನಿಮಗ ಗೊತ್ತಲ್ಲ. ತಿಕ್ಕಬ್ಯಾಡ ಅಂದ್ರೂ ಕೇಳಲಿಲ್ಲ. ನೀವೇನ್ ತಿಂದೀರಿ?"

ನಾನು ಪಾಟಿ ತೆಗೆದು, 'ಏನೂ ತಿಂದಿಲ್ಲ' ಅಂತ ಬರೆದು ತೋರಿಸಿದೆ.

ಅವಳು ಪಾಟಿಯನ್ನು ಒಂದು ಗಳಿಗೆ ನೋಡಿ, "ನನಗ ಓದಾಕ ಬರೂದಿಲ್ಲ ಅಕ್ಕೋರ," ಅಂದಳು.

ನನಗೆ ಮಾತಾಡಲು ಬರುತ್ತಿರಲಿಲ್ಲ, ಅವಳಿಗೆ ಓದಲು ಬರುತ್ತಿರಲಿಲ್ಲ. ಆದರೂ ಹತ್ತೊಂಬತ್ತು ದಿನ ನಾವು ಪಕ್ಕಪಕ್ಕ ಕೂತೆವು. ಅವಳು ಮಾತಾಡುವಳು, ನಾನು ತಲೆ ಆಡಿಸುವೆ. ಮಗಳು ಜೊತೆಗಿದ್ದ ದಿನ ನನ್ನ ಮಾತು ಅವಳಿಗೆ ಮುಟ್ಟುತ್ತಿತ್ತು. ಇಲ್ಲದ ದಿನ ಕೈಯಿಂದ ತೋರಿಸುತ್ತಿದ್ದೆ. ನನ್ನ ಕೈಗೆ ನಿಂಬೆಹಣ್ಣು ಇಟ್ಟು, "ಮನ್ಯಾಗ ಮಂದಿಗರ ಆಗ್ತಾವ, ಒಯ್ರಿ," ಅನ್ನುತ್ತಿದ್ದಳು. ಎರಡನೇ ವಾರದಲ್ಲಿ ನಮ್ಮೆಲ್ಲರ ಬಾಯಿ ಸುಟ್ಟವು. ಒಳಗೆಲ್ಲ ಬಿಳಿ ಹುಣ್ಣು, ಜೊಲ್ಲು ಅಂಟಿನ ಹಾಗೆ ಗಟ್ಟಿ. ಕುತ್ತಿಗೆಯ ಚರ್ಮ ಕಪ್ಪಾಗಿ ಸುಲಿಯತೊಡಗಿತು. ಒಂದು ದಿನ ಅವಳು ನಿಂಬೆಹಣ್ಣನ್ನು ಉಗುರಿನಿಂದ ಗೀರಿ, ಮೂಗಿಗೆ ಹಿಡಿದು, ಬಹಳ ಹೊತ್ತು ಕೂತಳು. "ಏನೂ ವಾಸನಿ ಬರವಲ್ದು," ಅಂದಳು. ಕಣ್ಣಲ್ಲಿ ನೀರು ತುಂಬಿಕೊಂಡಿತು. ನಾನು ಅವಳ ತೊಡೆಯ ಮೇಲೆ ಕೈ ಇಟ್ಟೆ. ನನಗೂ ಬರುತ್ತಿರಲಿಲ್ಲ.

ನಾಲ್ಕನೇ ವಾರದ ಕೊನೆಯ ದಿನ ಅವಳು ಬರಲಿಲ್ಲ. ಸೋಮವಾರವೂ ಬರಲಿಲ್ಲ, ಮಂಗಳವಾರವೂ ಇಲ್ಲ. ಅವಳ ಮುಖವಾಡ ಹಲಗೆಯ ಮೇಲೆ ಹಾಗೇ ಇತ್ತು. ಅವಳ ನಂಬರು ನನ್ನ ಫೋನಿನಲ್ಲಿತ್ತು, ಮಗಳು ಹಾಕಿಕೊಟ್ಟಿದ್ದಳು. ಬುಧವಾರ ಮಗಳು ಕಾಲೇಜಿಗೆ ಹೋಗಿದ್ದಳು, ಗಂಡ ಔಷಧಿ ತರಲು ಕೆಳಗೆ ಇಳಿದಿದ್ದರು. ನಾನೊಬ್ಬಳೇ ಬೆಂಚಿನ ಮೇಲಿದ್ದೆ. ಏನು ತಿಳಿಯಿತೋ, ಫೋನ್ ಹಚ್ಚಿದೆ.

ಅವಳೇ ಎತ್ತಿದಳು. ದನಿ ಊದಿಕೊಂಡಿತ್ತು. "ಯಾರು?"

ನಾನು "ಅಕ್ಕಾ" ಅಂದೆ. ಅದೊಂದು ಶಬ್ದ ನನಗೆ ಸರಿಯಾಗಿ ಬರುತ್ತಿತ್ತು. ಆಮೇಲೆ, ನಾನು ಬಾಗೇವಾಡಿಯ ಅಕ್ಕೋರು, ಯಾಕ ಬರವಲ್ರಿ, ಇನ್ನು ಹನ್ನೊಂದೇ ದಿನ ಉಳಿದಾವ, ಬರ್ರಿ ಅಂತ ಹೇಳಿದೆ. ಹೇಳಿದ್ದೇನೆ ಅಂದುಕೊಂಡೆ. ನನ್ನ ಕಿವಿಗೆ ಬಿದ್ದದ್ದು ಬರೀ ಉಸಿರು, ಜೊಲ್ಲು, ಮುಲುಕು.

"ಯಾರ್ರಿ ಅದು? ಏನ್ ಅನ್ನಾಕತ್ತೀರಿ?"

ಮತ್ತೆ ಹೇಳಿದೆ. ಇನ್ನೂ ಜೋರಾಗಿ ಹೇಳಿದೆ. ಬೆಂಚಿನ ಮೇಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು.

ಅತ್ತ ಅವಳು ಫೋನ್ ದೂರ ಹಿಡಿದು ಯಾರಿಗೋ ಹೇಳುವುದು ಕೇಳಿಸಿತು. "ಯಾವನೋ ಕುಡದು ಫೋನ್ ಮಾಡ್ಯಾನ ನೋಡು." ಫೋನ್ ಕಟ್ಟಾಯಿತು.

ನಾನು ಮತ್ತೆ ಹಚ್ಚಲಿಲ್ಲ. ಹಚ್ಚಬಹುದಿತ್ತು. ಗಂಡ ಮೇಲೆ ಬಂದ ಮೇಲೆ ಅವರ ಕೈಗೆ ಕೊಡಬಹುದಿತ್ತು. ಆದರೆ ಆ ಹೊತ್ತಿನ ನಾಚಿಕೆಯಲ್ಲಿ ಫೋನನ್ನು ಚೀಲದ ತಳಕ್ಕೆ ಹಾಕಿ, ಯಾರ ಮುಖವನ್ನೂ ನೋಡದೆ ಕೂತೆ. ಮರುದಿನ ಮಾತ್ರ ಪಾಟಿಯ ಮೇಲೆ ಬರೆದು ಗಂಡನಿಗೆ ಹೇಳಿದೆ. ಅವರು ಹಚ್ಚಿದಾಗ ಅವಳ ಮಗ ಎತ್ತಿದ. "ಅವ್ವ ಒಲ್ಲೆ ಅಂತಾಳ್ರಿ. ನೀರ ಸೈತ ಇಳೀವಲ್ದು. ಸತ್ತರೂ ಚಿಂತಿಲ್ಲ, ಆ ಮಷಿನ್ ಕೆಳಗ ಮಲಗೂದಿಲ್ಲ ಅಂತಾಳ," ಅಂದನಂತೆ. ಗಂಡ ತಮಗೆ ತಿಳಿದಷ್ಟು ಹೇಳಿದರು. ಅವರ ಮಾತು ಎಷ್ಟಿರುತ್ತದೆ? ಒಂದು ವಾರದ ಮೇಲೆ ಹಲಗೆಯಿಂದ ಅವಳ ಮುಖವಾಡ ತೆಗೆದಿದ್ದರು. ಶ್ರಾವಣದಲ್ಲಿ ನಾನು ತಪಾಸಣೆಗೆ ಹೋದಾಗ ಯಂತ್ರದ ಹುಡುಗಿಯೊಬ್ಬಳು, "ನಿಮ್ಮ ಜೋಡಿ ಕೂಡ್ತಿದ್ದ ನಿಂಬಿಹಣ್ಣಿನ ಅಕ್ಕಾರು ತೀರಿಹೋದ್ರಂತ ಅಕ್ಕೋರ," ಅಂದಳು. ಅವಳು ಬೆಂಚಿನ ಮೇಲೆ ಅಷ್ಟು ದಿನ ಒಬ್ಬಳೇ ಮಾತಾಡಿದ್ದಳು. ನಾನು ನನ್ನ ಬಾಯಿಂದಲೇ ಅವಳಿಗೆ ಹೇಳಹೊರಟ ಒಂದೇ ಒಂದು ಮಾತನ್ನು ಕುಡುಕನ ಮಾತು ಅಂದುಕೊಂಡೇ ಹೋದಳು.

ನನ್ನ ಮೂವತ್ತೂ ಮುಗಿದವು. ಮೂಗಿನ ನಳಿಗೆ ತೆಗೆದರು. ಮೆತ್ತಗೆ ಬೇಯಿಸಿದ ಅನ್ನವನ್ನು ಹಾಲಿನಲ್ಲಿ ಕಿವುಚಿ, ಬಲಗಡೆಯಿಂದ ಸ್ವಲ್ಪ ಸ್ವಲ್ಪ ನುಂಗುವುದನ್ನು ಕಲಿತೆ. ಜೋಳದ ರೊಟ್ಟಿ ನನ್ನ ಪಾಲಿಗೆ ಮುಗಿದೇ ಹೋಯಿತು. ಮನೆಯಲ್ಲಿ ರೊಟ್ಟಿ ಬಡಿಯುವ ಹೊತ್ತಿಗೆ ನಾನು ಮಾಳಿಗೆಯ ಮೇಲೆ ಹೋಗಿ ನಿಲ್ಲುತ್ತಿದ್ದೆ. ಅದು ಗೊತ್ತಾಗಿ ಅತ್ತೆ ಕೆಲವು ದಿನ ಎಲ್ಲರಿಗೂ ಅನ್ನ ಮಾಡಿದರು. ಗಂಡ ಕಂಬ ಹತ್ತುವ ಮನುಷ್ಯ, ಅನ್ನ ಉಂಡು ಅವರಿಗೆ ತಡೆಯುತ್ತಿರಲಿಲ್ಲ. 'ರೊಟ್ಟಿ ಮಾಡ್ರಿ' ಅಂತ ನಾನೇ ಪಾಟಿಯ ಮೇಲೆ ಬರೆದು ಮಗಳ ಕೈಯಲ್ಲಿ ಅತ್ತೆಗೆ ಓದಿಸಿದೆ.

ದೀಪಾವಳಿ ಸೂಟಿ ಮುಗಿದ ಮೇಲೆ ಶಾಲೆಗೆ ಹೋದೆ. ಹೋಗಬೇಡ ಅಂತ ಯಾರೂ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಹೆಡ್ ಮಾಸ್ತರರು ಒಳ್ಳೆಯವರು. "ಅಕ್ಕೋರ, ನೀವು ಬೋರ್ಡ್ ಮ್ಯಾಲೆ ಬರದ್ರ ಸಾಕು, ಹುಡುಗರು ನೋಡಿ ಬರಕೋತಾವ," ಅಂದರು. ಅಷ್ಟು ಹೊತ್ತಿಗೆ ನನ್ನ ಮಾತು ಸುಧಾರಿಸಿತ್ತು. ಪ, ಬ, ಮ ಚೆನ್ನಾಗಿ ಬರುತ್ತಿದ್ದವು. ಕ, ಗ ಬರುತ್ತಿದ್ದವು. ಮನೆಯವರಿಗೆ, ಓಣಿಯವರಿಗೆ ನಾನು ಅಂದದ್ದು ಮುಕ್ಕಾಲು ತಿಳಿಯುತ್ತಿತ್ತು. ನಾನು ಗೆದ್ದೆ ಅಂದುಕೊಂಡಿದ್ದೆ.

ಆ ವರ್ಷದ ಒಂದನೇ ತರಗತಿಯ ಮಕ್ಕಳು ಜೂನ್‌ನಲ್ಲಿ ಸೇರಿದವರು. ನನ್ನ ಹಳೆಯ ದನಿಯನ್ನು ಅವರು ಕೇಳಿರಲಿಲ್ಲ. ನಾನು ಬೋರ್ಡಿನ ಮೇಲೆ 'ಎಲೆ' ಅಂತ ಬರೆದೆ, ಪಕ್ಕದಲ್ಲಿ ಎಲೆಯ ಚಿತ್ರ ಬರೆದೆ. ಸುಮ್ಮನೆ ಕೋಲಿನಿಂದ ತೋರಿಸಿದ್ದರೆ ಆಗುತ್ತಿತ್ತು. ಇಪ್ಪತ್ತೆರಡು ವರ್ಷದ ಅಭ್ಯಾಸ, ಬಾಯಿ ತೆರೆದು ಹೇಳಿದೆ.

ಮಕ್ಕಳು ಒಟ್ಟಿಗೆ ಹೇಳಿದರು. "ಎಯೆ."

ಅವರು ಕಾಡಿಸುತ್ತಿಲ್ಲ ಅಂತ ನನಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು. ಒಂದು ಮುಖದಲ್ಲೂ ನಗೆಯಿರಲಿಲ್ಲ. ಕೈ ಕಟ್ಟಿಕೊಂಡು, ನನ್ನ ಬಾಯನ್ನೇ ನೋಡುತ್ತಾ, ನಾನು ಅಂದದ್ದನ್ನು ಅಂದಂತೆಯೇ ಅಂದಿದ್ದರು. 'ಗಾಳಿ' ಅಂತ ತೋರಿಸಿದೆ. "ಗಾಯಿ," ಅಂದರು. ಮುಂದಿನ ಸಾಲಿನ ಒಬ್ಬಳು ಪುಟ್ಟ ಹುಡುಗಿಯಂತೂ ಗಲ್ಲವನ್ನು ನನ್ನ ಹಾಗೆ ಒಂದು ಕಡೆ ಸೊಟ್ಟ ಮಾಡಿ ಹೇಳುತ್ತಿದ್ದಳು. ಅಕ್ಷರ ಹೇಳುವಾಗ ಬಾಯಿ ಹಾಗೇ ಮಾಡಬೇಕು ಅಂತ ಅವಳು ತಿಳಿದುಕೊಂಡಿದ್ದಳು.

ನಾನು ಮತ್ತೂ ಹತ್ತು ದಿನ ನಡೆಸಿದೆ. ಬಾಯಿ ಮುಚ್ಚಿಕೊಂಡು ಬರೀ ಬರೆಯಬೇಕು ಅಂತ ದಿನಾ ನಿಶ್ಚಯ ಮಾಡಿ ಹೋಗುತ್ತಿದ್ದೆ, ಆದರೆ ಮಕ್ಕಳೇ ಬಿಡುತ್ತಿರಲಿಲ್ಲ. "ಹೇಳ್ರಿ ಅಕ್ಕೋರ, ಹೇಳಿ ಕೊಡ್ರಿ," ಅನ್ನುತ್ತಿದ್ದರು. ಒಂದು ಮಧ್ಯಾಹ್ನ ಆ ಪುಟ್ಟ ಹುಡುಗಿಯ ಅಜ್ಜಿ ಶಾಲೆಯ ಬಾಗಿಲಿಗೆ ಬಂದಳು. ನನ್ನ ಕುತ್ತಿಗೆಯ ಗಾಯದ ಗೆರೆ ನೋಡಿ ಅವಳಿಗೆ ಮಾತು ತೊಡರಿತು.

"ತಪ್ಪ ತಿಳಕೋಬ್ಯಾಡ್ರಿ ಅಕ್ಕೋರ. ಹುಡುಗಿ ಮನ್ಯಾಗ ಹಿಂಗ್ಯಾಕ ಮಾತಾಡಾಕತ್ತಾಳ ಅಂತ ಕೇಳಾಕ ಬಂದೇನ್ರಿ. ಮೊದಲ ಛಲೋ ಮಾತಾಡ್ತಿದ್ಲು. ಈಗ ಬಾಯಿ ಸೊಟ್ಟ ಮಾಡಿ… ಏನರ ಬ್ಯಾನಿ ಬಂದೈತೇನು ಅಂತ ಅಂಜಿಕಿ ಆತ್ರಿ ನಮಗ."

ನಾನು ಬ್ಯಾನಿ ಏನೂ ಇಲ್ಲ ಅಂತ ಕೈಯಾಡಿಸಿದೆ. ಅವಳು ಕೈ ಮುಗಿದು ಹೋದಳು. ಮಗುವಿನ ಬಾಯಿಗೆ ನನ್ನ ರೋಗವನ್ನು ನಾನೇ ದಾಟಿಸಿದಂತಾಗಿತ್ತು. ಅವತ್ತೇ ಹೆಡ್ ಮಾಸ್ತರರ ಮೇಜಿನ ಮೇಲೆ ಚೀಟಿ ಇಟ್ಟೆ: 'ನನಗೆ ತರಗತಿ ಬೇಡ.' ಅವರು ಎರಡು ಸಲ ಓದಿದರು, ಬೇಡ ಅನ್ನಲಿಲ್ಲ. ಆಮೇಲೆ ನನಗೆ ವಾಚನಾಲಯದ ಹರಿದ ಪುಸ್ತಕಗಳಿಗೆ ಖಾಕಿ ಹಾಳೆ ಹಾಕಿ ಅಂಟಿಸುವ ಕೆಲಸ ಕೊಟ್ಟರು. ಗೋಡೆಯ ಆ ಕಡೆ ನನ್ನ ತರಗತಿಯಲ್ಲಿ ಅತಿಥಿ ಶಿಕ್ಷಕಿ ಪಾಠ ಹೇಳುತ್ತಿದ್ದಳು. ಅವಳ ದನಿ ತೆಳ್ಳಗೆ, ಸ್ಪಷ್ಟ. ಮಕ್ಕಳು ಎಲೆ ಅನ್ನುವುದನ್ನು ಮತ್ತೆ ಕಲಿತರು. ನಾನು ಕೇಳುತ್ತಾ ಅಂಟು ಹಚ್ಚುತ್ತಿದ್ದೆ.

ಹೊಸ ಗಂಟು ಕಂಡದ್ದು ಮಗಳಿಗೆ. ಭಾನುವಾರ ನನ್ನ ತಲೆಗೆ ನೀರು ಹಾಕುವಾಗ ಅವಳ ಬೆರಳು ಬಲಗಿವಿಯ ಕೆಳಗೆ ನಿಂತಿತು. ನೀರು ಹಾಕುವುದನ್ನು ನಿಲ್ಲಿಸಿದಳು. ಮತ್ತೆ ಮುಟ್ಟಿ ನೋಡಿದಳು. "ಇಲ್ಲಿ ಯಾವಾಗಿಂದ ಐತವ್ವ?" ಅಂದಳು. ನನಗೆ ಹದಿನೈದು ದಿನದಿಂದ ಗೊತ್ತಿತ್ತು. ಅವಳು ತಂಬಿಗೆ ತುಂಬಿ ಉಳಿದ ಸೀಗೆಪುಡಿಯನ್ನು ತೊಳೆದಳು, ಟವೆಲು ಸುತ್ತಿದಳು, ಒಳಗೆ ಹೋಗಿ ಅಪ್ಪನಿಗೆ ಹೇಳಿದಳು.

ಸ್ಕ್ಯಾನ್ ಆಯಿತು, ಸೂಜಿ ಹಾಕಿ ನೋಡಿದ್ದಾಯಿತು. ಡಾಕ್ಟರ ಕೋಣೆಯಲ್ಲಿ ನಾವು ಮೂವರು ಕೂತೆವು. ನಡುವೆ ನಾನು, ಎಡಕ್ಕೆ ಗಂಡ, ಬಲಕ್ಕೆ ಮಗಳು. ಡಾಕ್ಟರು ಸಣ್ಣ ವಯಸ್ಸಿನವರು, ಸಮಾಧಾನದವರು. ಸ್ಕ್ಯಾನಿನ ಹಾಳೆಯನ್ನು ಬೆಳಕಿಗೆ ಹಿಡಿದು ಹೇಳಿದರು.

"ಬಲಗಡೆ ಗಂಟು ಬಂದೈತ್ರಿ. ಶ್ವಾಸಕೋಶದಾಗೂ ಸಣ್ಣ ಸಣ್ಣ ಚುಕ್ಕಿ ಕಾಣಾಕತ್ತಾವು. ಆಪರೇಷನ್ ಮಾಡಾಕ ಬರೂದಿಲ್ಲ. ಕರೆಂಟ್ ಮತ್ತ ಕೊಡಾಕ ಬರೂದಿಲ್ಲ. ಮೂರು ವಾರಕ್ಕೊಮ್ಮೆ ಇಂಜೆಕ್ಷನ್ ಕೊಡೂಣು. ಬೆಳೆಯೂದನ್ನ ತಡಿಯಾಕ ನೋಡೂಣು."

ಗಂಡ, "ಆರಾಮ ಆಗ್ತದಲ್ರಿ?" ಅಂದರು.

"ತಡಿಯಾಕ ನೋಡೂಣ್ರಿ," ಅಂದರು ಡಾಕ್ಟರು ಇನ್ನೊಮ್ಮೆ.

ಆಗ ನಾನು ಕೇಳಿದೆ. ಕೇಳಬೇಕೆಂದು ಮೊದಲೇ ಅಂದುಕೊಂಡಿರಲಿಲ್ಲ, ಕೇಳಿಬಿಟ್ಟೆ. ನಾನು ಇನ್ನು ಎಷ್ಟು ದಿನ ಇರ್ತೇನಿ? ನನ್ನ ಬಾಯಿಂದ ಅದು ಹೇಗೆ ಬಂತೋ ಬಂತು. ಡಾಕ್ಟರು ತಿಳಿಯದೆ ಮಗಳ ಕಡೆ ನೋಡಿದರು. ಎಲ್ಲರೂ ನೋಡುವ ಹಾಗೆ.

ಮಗಳು ಡಾಕ್ಟರ ಮೇಜಿನ ಮೇಲಿನ ಕ್ಯಾಲೆಂಡರನ್ನು ನೋಡುತ್ತಿದ್ದಳು. ಕಣ್ಣು ಅಲ್ಲಿಂದ ತೆಗೆಯದೆ ಹೇಳಿದಳು. "ಅವ್ವ ಊಟ ಏನ್ ಮಾಡಬೇಕು ಅಂತ ಕೇಳಾಕತ್ತಾಳ್ರಿ ಸರ್."

ಡಾಕ್ಟರ ಮುಖ ಹಗುರಾಯಿತು. "ಊಟಕ್ಕ ಪಥ್ಯ ಏನಿಲ್ಲ ಅಕ್ಕೋರ. ಹಾಲು, ಬ್ಯಾಳಿಕಟ್ಟು, ರಾಗಿ ಗಂಜಿ, ಬಾಳಿಹಣ್ಣು. ಮೊಟ್ಟಿ ನಡೀತದ ಅಂದ್ರ ಮೊಟ್ಟಿ. ಒಮ್ಮೆಲೆ ಬ್ಯಾಡ, ಎರಡೆರಡು ತಾಸಿಗೆ ಸ್ವಲ್ಪ ಸ್ವಲ್ಪ ತಗೋರಿ."

ಒಂದು ವರ್ಷದಲ್ಲಿ ಮಗಳು ನನ್ನ ಮಾತನ್ನು ತಪ್ಪು ಹೇಳಿದ್ದು ಅದೇ ಮೊದಲು. ಅವಳಿಗೆ ತಿಳಿದಿರಲಿಲ್ಲ ಅಂತಲ್ಲ. ಮೇಜಿನ ಕೆಳಗೆ ಅವಳ ಕೈ ನನ್ನ ಮಣಿಕಟ್ಟನ್ನು ಹಿಡಿದಿತ್ತು. ಉಗುರು ಒತ್ತುವಷ್ಟು ಬಿಗಿಯಾಗಿತ್ತು. ಗಂಡ ತಲೆ ತಗ್ಗಿಸಿ ತಮ್ಮ ಚಪ್ಪಲಿ ನೋಡುತ್ತಿದ್ದರು. ಅವರಿಗೂ ತಿಳಿದಿತ್ತು. ನನ್ನ ಮುಂದೆಯೇ ಡಾಕ್ಟರ ಪೆನ್ನಿತ್ತು, ಚೀಟಿಯ ಕಟ್ಟಿತ್ತು. ಕೈ ಚಾಚಿ ಎರಡು ಸಾಲು ಬರೆದರೆ ಮುಗಿಯುತ್ತಿತ್ತು. ನಾನು ಚಾಚಲಿಲ್ಲ. ಡಾಕ್ಟರು ಹೇಳಿದ ಪಟ್ಟಿಗೆ ತಲೆ ಆಡಿಸಿದೆ, ರಾಗಿ ಗಂಜಿ, ಬಾಳೆಹಣ್ಣು, ಎರಡೆರಡು ತಾಸಿಗೆ.

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಮನಗೂಳಿ ಬಂತು, ಹೋಯಿತು. ಬಾಗೇವಾಡಿ ಹತ್ತಿರ ಬಂದಾಗ ಅವಳು ಕಿಟಕಿ ಬಿಡದೆಯೇ, "ಸಿಟ್ಟಾಗಬ್ಯಾಡವ್ವ," ಅಂದಳು. ನಾನು ಸಿಟ್ಟಾಗಿಲ್ಲ ಅಂತ ಹೇಳಬೇಕಿತ್ತು. ಅವಳ ಜಡೆ ಸರಿಮಾಡಿದೆ.

ಈಗ ಎರಡು ಇಂಜೆಕ್ಷನ್ ಆಗಿವೆ. ತಲೆಗೂದಲು ದಿಂಬಿನ ಮೇಲೆ ಉಳಿಯುತ್ತದೆ, ಉಗುರು ಕಪ್ಪಾಗಿವೆ. ಗಂಟು ಸಣ್ಣದಾಗಿಲ್ಲ. ದೊಡ್ಡದೂ ಆಗಿಲ್ಲ ಅಂತ ಗಂಡ ಹೇಳುತ್ತಾರೆ. ನಾನು ಮುಟ್ಟಿ ನೋಡುವುದನ್ನು ಬಿಟ್ಟಿದ್ದೇನೆ. ಇಂಜೆಕ್ಷನ್ ಸಾಕು ಅಂತ ಹೇಳೋಣ ಅಂತ ಎಷ್ಟೋ ಸಲ ಅನ್ನಿಸಿದೆ. ಹೇಳಿದರೂ ಅದನ್ನು ಡಾಕ್ಟರಿಗೆ ಮುಟ್ಟಿಸಬೇಕಾದವಳು ಅವಳೇ. ಏನಂತ ಮುಟ್ಟಿಸುತ್ತಾಳೋ ನನಗೆ ಗೊತ್ತು.

ಮಂಗಳವಾರ ಮೂರನೆಯ ಇಂಜೆಕ್ಷನ್. ಹೋಗುವ ಮುಂಚೆ ಅವಳು ಫೈಲು ಹಿಡಿದು ನನ್ನ ಮುಂದೆ ನಿಂತು ಪ್ರತಿ ಸಲ ಕೇಳುವಂತೆ ಕೇಳುತ್ತಾಳೆ. "ಡಾಕ್ಟರಿಗೆ ಏನರ ಕೇಳೂದೈತೇನವ್ವ?"

ಇಲ್ಲ ಅಂತ ತಲೆ ಆಡಿಸುತ್ತೇನೆ. ಅವಳು ಫೈಲನ್ನು ಚೀಲಕ್ಕೆ ಹಾಕಿಕೊಳ್ಳುತ್ತಾಳೆ.